ಏಕವಚನದ ಆ ದನಿ

ಗಾಲ್ಫಿನ ನಾಲ್ಕನೆಯ ಹೋಲ್, ಅಂದರೆ ನಾಲ್ಕನೆಯ ಗುಂಡಿಯ ಆಟ, ಮುಗಿಯುವಾಗ ನನ್ನ ಸ್ಕೋರ್ ಕಾರ್ಡಿನಲ್ಲಿ ಎರಡು ಲೆಕ್ಕಗಳಿದ್ದವು. ಒಂದು ಎಲ್ಲರೂ ಬರೆಯುವ ಲೆಕ್ಕ: 8, 6, 9, 7, ಒಟ್ಟು 30 ಹೊಡೆತ. ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಇನ್ನೊಂದು ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದ ಗೀಟುಗಳು. ನನ್ನನ್ನು ನಾನೇ ಬೈದುಕೊಂಡಾಗಲೆಲ್ಲ ಒಂದು ಗೀಟು. ನಾಲ್ಕು ಗೀಟಿಗೆ ಅಡ್ಡವಾಗಿ ಐದನೆಯದನ್ನು ಎಳೆದು ಕಟ್ಟು ಮಾಡುವುದು ಬ್ಯಾಂಕಿನ ಕೆಲಸದಲ್ಲಿ ಕೈಗೆ ಹತ್ತಿದ ಅಭ್ಯಾಸ. ಮೂರು ಕಟ್ಟು, ಮೇಲೆ ನಾಲ್ಕು: ಹತ್ತೊಂಬತ್ತು. ನಾಲ್ಕು ಹೋಲ್ ಆಡುವಷ್ಟರಲ್ಲಿ ಹತ್ತೊಂಬತ್ತು ಬೈಗುಳ. ಮೂವತ್ತು ವರ್ಷ ಕೌಂಟರಿನಲ್ಲಿ ಕುಳಿತವಳು ನಾನು. ಅಷ್ಟು ಬೈಗುಳವನ್ನು ಯಾವ ಗ್ರಾಹಕರಿಂದಲೂ ಒಂದೇ ದಿನದಲ್ಲಿ ಕೇಳಿದ್ದಿಲ್ಲ.

ಅದು ಡಿಸೆಂಬರಿನ ಒಂದು ಭಾನುವಾರ, ಮಂಗಳೂರಿನ ಹೊರವಲಯದ ಪಿಲಿಕುಳದ ಗಾಲ್ಫ್ ಮೈದಾನ. ನಂತೂರು, ಕುಲಶೇಖರ, ವಾಮಂಜೂರು ದಾಟಿ ನಾನು ಅಲ್ಲಿಗೆ ತಲುಪಿದಾಗ ಹುಲ್ಲಿನ ಮೇಲೆ ಮಂಜು ಇನ್ನೂ ಆರಿರಲಿಲ್ಲ. ಮಳೆಗಾಲ ತೊಳೆದಿಟ್ಟುಹೋದ ಹಸಿರು, ಅದರ ನಡುವೆ ಅಲ್ಲಲ್ಲಿ ಇಣುಕುವ ಕೆಂಪು ಮುರಕಲ್ಲಿನ ಮಣ್ಣು, ದೂರದಲ್ಲೆಲ್ಲೋ ನವಿಲಿನ ಕೂಗು. ಅಂಥ ಬೆಳಗಿನಲ್ಲಿ ನನ್ನ ತಲೆಯೊಳಗೆ ಮಾತ್ರ ಒಬ್ಬರು ನಿಲ್ಲದೆ ಬೈಯುತ್ತಿದ್ದರು.

ಈ ಆಟಕ್ಕೆ ನಾನು ಬಂದದ್ದು ತಡವಾಗಿ. 2021ರ ಆಗಸ್ಟ್ 7ರ ಶನಿವಾರ, ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದರು. ಗಾಲ್ಫಿನ ಗಂಧವೂ ಇಲ್ಲದ ನನ್ನಂಥವರು ಬೆಳಿಗ್ಗೆಯೇ ಟಿವಿಯ ಮುಂದೆ ಕುಳಿತ ದಿನವದು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ಅವರು ನಾಲ್ಕನೆಯವರಾದರು. ಅವರ ಚೀಲ ಹೊತ್ತು ಜೊತೆಗೆ ನಡೆದ ಕ್ಯಾಡಿ ಅವರ ತಾಯಿ. ಹೊಡೆತ ಸ್ವಲ್ಪ ತಪ್ಪಿದಾಗಲೂ ಆ ಹುಡುಗಿಯ ಮುಖದಲ್ಲಿ ಏನೂ ಕದಡದಿರುವುದನ್ನು ನೋಡುತ್ತ, ಈಕೆ ತನ್ನೊಳಗೆ ಏನು ಹೇಳಿಕೊಳ್ಳುತ್ತಾಳೋ ಎಂದು ಕುತೂಹಲಪಟ್ಟಿದ್ದೆ. ಸ್ವಯಂ ನಿವೃತ್ತಿ ಪಡೆದ ಮೇಲೆ ಸೆವೆನ್ ಐರನ್ ಎಂಬ ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿದು ಕಲಿಯಲು ನಿಂತಾಗ ಆ ಪ್ರಶ್ನೆ ನನ್ನದೇ ಆಯಿತು.

ಶಾಲೆಯಲ್ಲಿ ನಾನು ಥ್ರೋಬಾಲ್ ಆಡಿದ್ದೆ, ಬ್ಯಾಂಕಿನ ತಂಡದಲ್ಲಿ ಶಟಲ್ ಆಡಿದ್ದೆ. ಅಲ್ಲಿ ಚೆಂಡೋ ಶಟಲ್ ಕಾಕೋ ನಮ್ಮ ಮೇಲೆಯೇ ಬರುತ್ತದೆ, ಯೋಚಿಸಲು ಬಿಡುವಿಲ್ಲ. ಗಾಲ್ಫಿನ ಚೆಂಡು ಸುಮ್ಮನೆ ಬಿದ್ದಿರುತ್ತದೆ. 46 ಗ್ರಾಮೂ ತೂಗದ ಆ ಬಿಳಿ ಉಂಡೆ ನಾವು ಹೊಡೆಯುವ ತನಕ ಕಾಯುತ್ತದೆ. ಒಂದು ಹೊಡೆತಕ್ಕೆ ಎರಡು ಸೆಕೆಂಡೂ ಬೇಡ. ಅರವತ್ತು ಹೊಡೆತವೆಂದರೂ ಎರಡು ನಿಮಿಷದ ಆಟ. ಆದರೆ ಒಂಬತ್ತು ಹೋಲ್ ಮುಗಿಸಲು ನನಗೆ ಎರಡು ಗಂಟೆಗಿಂತ ಹೆಚ್ಚು ಬೇಕು. ಉಳಿದದ್ದೆಲ್ಲ ನಡಿಗೆ, ಕಾಯುವಿಕೆ. ಒಳಗಿನ ದನಿಗೆ ಇಷ್ಟು ಪುರುಸೊತ್ತು ಕೊಡುವ ಆಟ ಇನ್ನೊಂದಿರಲಾರದು.

ಅದು ಮಾಡುವ ಹಾನಿ ಮನಸ್ಸಿನಲ್ಲೇ ನಿಲ್ಲುವುದಿಲ್ಲ. ಬೈದುಕೊಂಡ ಮರುಕ್ಷಣ ನನ್ನ ಬೆರಳುಗಳು ಕ್ಲಬ್ಬಿನ ಹಿಡಿಯನ್ನು ಬಿಗಿಯುತ್ತವೆ, ಭುಜ ಕಿವಿಯ ಕಡೆಗೆ ಏರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ. ಬಿಗಿದ ತೋಳು ಪೂರ್ತಿ ತಿರುಗದೆ ಕ್ಲಬ್ಬಿನ ಮುಖ ತೆರೆದುಕೊಂಡು ಚೆಂಡು ಬಲಕ್ಕೆ ಹಾರುತ್ತದೆ. ಆಗ ಮತ್ತೊಂದು ಬೈಗುಳ. ಆ ದಿನ ಮೂರನೆಯ ಹೋಲಿನಲ್ಲಿ ಆದದ್ದು ಇದೇ. ಬಲಗಡೆ ಮರಗಳಿದ್ದವು. ‘ಬಲಕ್ಕೆ ಹೋಗಬಾರದು, ಬಲಕ್ಕೆ ಹೋಗಬಾರದು’ ಎಂದುಕೊಳ್ಳುತ್ತಲೇ ಎರಡು ಚೆಂಡುಗಳನ್ನು ಆ ಮರಗಳೊಳಗೆ ಕಳೆದೆ. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು 1998ರಲ್ಲಿ ಗಾಲ್ಫಿನ ಪಟ್ ಹೊಡೆತವನ್ನೇ (ಚೆಂಡನ್ನು ನೆಲದ ಮೇಲೆ ಗುಂಡಿಯ ಕಡೆಗೆ ಉರುಳಿಸುವ ಮೆಲುಹೊಡೆತ) ಇಟ್ಟುಕೊಂಡು ಒಂದು ಪ್ರಯೋಗ ಪ್ರಕಟಿಸಿದ್ದರು. ಗುರಿ ದಾಟಿ ಹೋಗದಂತೆ ಹೊಡೆಯಿರಿ ಎಂದು ಹೇಳಿ, ಜೊತೆಗೆ ಒಂದು ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳಲು ಕೊಟ್ಟಾಗ, ತಲೆಯಲ್ಲಿ ಆ ಹೊರೆ ಹೊತ್ತವರ ಚೆಂಡು ಗುರಿಯನ್ನು ಇನ್ನಷ್ಟು ದಾಟಿ ಹೋಯಿತು. ಬೇಡವೆಂದದ್ದನ್ನೇ ಮನಸ್ಸು ಕಾವಲು ಕಾಯುತ್ತ, ಕಡೆಗೆ ಅದನ್ನೇ ಕೈಗೆ ಒಪ್ಪಿಸುತ್ತದೆ. ನನ್ನ ಪಾಲಿಗೆ ಹತ್ತೊಂಬತ್ತು ಗೀಟುಗಳೇ ಆ ಹೊರೆ.

ಐದನೆಯ ಹೋಲಿನ ಟೀಯ ಬಳಿ, ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನನ್ನ ಕ್ಯಾಡಿ, ಇಪ್ಪತ್ತೆರಡರ ಆಸುಪಾಸಿನ ಹುಡುಗ, ಚೆಂಡನ್ನು ಒರೆಸಿ ಕೊಡುತ್ತ ತುಳುವಿನಲ್ಲಿ ಹೇಳಿದ: “ಬೇಜಾರ್ ಮಲ್ಪೊಡ್ಚಿ ಅಕ್ಕ. ಈರ್ ಮೆಲ್ಲ ಗೊಬ್ಬುಲೆ.” ಬೇಜಾರು ಮಾಡಬೇಡಿ ಅಕ್ಕ, ನೀವು ನಿಧಾನ ಆಡಿ. ದಿನವೂ ಕೇಳುವಂಥ ಮಾತು. ಆದರೆ ‘ಈರ್’ ಎಂಬಲ್ಲಿ ನನ್ನ ಕಿವಿ ನಿಂತಿತು. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ಕಾರ್ಡಿನ ಅಂಚನ್ನು ಮತ್ತೆ ನೋಡಿದೆ. ‘ಈ ದಾಯೆಗ್ ಬತ್ತಿನಿ?’ ನೀನು ಯಾಕೆ ಬಂದೆ? ‘ನಿನ್ನೆಡ್ದ್ ಆಪುಜಿ.’ ನಿನ್ನಿಂದಾಗುವುದಿಲ್ಲ. ಅಷ್ಟೂ ಗೀಟುಗಳು ಏಕವಚನದವು. ಆ ಮೈದಾನದಲ್ಲಿ ಕ್ಯಾಡಿಯಿಂದ ಹಿಡಿದು ಜೊತೆಗೆ ಆಡುತ್ತಿದ್ದ ಹಿರಿಯ ವೈದ್ಯರ ತನಕ ಎಲ್ಲರೂ ನನ್ನನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದರು. ಏಕವಚನದಲ್ಲಿ ಕರೆಯುತ್ತಿದ್ದವಳು ನಾನೊಬ್ಬಳೇ.

ಏಕವಚನವೆಲ್ಲ ಕೆಟ್ಟದ್ದಲ್ಲ. ಅಮ್ಮ ನನ್ನನ್ನು ಕೊನೆಯ ತನಕ ‘ಈ’ ಎಂದೇ ಕರೆದಳು. ದೇವರ ಮುಂದೆ ನಿಂತಾಗ ನಾವೆಲ್ಲ ನೀನು ಎಂದೇ ಬೇಡಿಕೊಳ್ಳುತ್ತೇವೆ. ಆದರೆ ನನ್ನ ತಲೆಯೊಳಗಿನ ‘ಈ’ ಅಮ್ಮನ ಸಲುಗೆಯನ್ನು ಮಾತ್ರ ಕಡ ತಂದಿತ್ತು, ಅವಳ ಅಕ್ಕರೆಯನ್ನು ತಂದಿರಲಿಲ್ಲ. ಇದು ಹೊಳೆದಾಗ ನನಗೆ ನಿಜಕ್ಕೂ ನೋವಾಯಿತು.

ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನದ ಬಗ್ಗೆ ಮಗಳು ಹಿಂದೊಮ್ಮೆ ಹೇಳಿದ್ದಳು. ಒತ್ತಡದ ಹೊತ್ತಿನಲ್ಲಿ ‘ನಾನು’ ಎಂದು ಯೋಚಿಸುವ ಬದಲು ತಮ್ಮ ಹೆಸರು ಹಿಡಿದೋ, ಎದುರಿನವರಿಗೆ ಹೇಳುವಂತೆಯೋ ತಮ್ಮೊಂದಿಗೆ ಮಾತನಾಡಿಕೊಂಡವರ ಕಳವಳ ಕಡಿಮೆಯಾಗಿತ್ತಂತೆ. ಆದರೆ ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ನಮ್ಮ ಭಾಷೆಗಳಲ್ಲಿ ಹಾಗಲ್ಲ. ತನ್ನಿಂದ ತಾನು ಎಷ್ಟು ದೂರ ನಿಲ್ಲಬೇಕು, ಎಷ್ಟು ಮರ್ಯಾದೆ ಕೊಡಬೇಕು ಎಂಬುದನ್ನು ಒಂದು ಸರ್ವನಾಮವೇ ತೀರ್ಮಾನಿಸುತ್ತದೆ. ಐದನೆಯ ಹೋಲಿನಿಂದ ನನಗೆ ನಾನು ‘ಈರ್’ ಎನ್ನಬೇಕೆಂದು ನಿಶ್ಚಯಿಸಿದೆ.

‘ನಾನೇ ಅತ್ಯುತ್ತಮ, ನನ್ನಿಂದ ಎಲ್ಲವೂ ಸಾಧ್ಯ’ ಎಂಬ ಮಂತ್ರಗಳನ್ನು ಮೊದಲೇ ಹೇಳಿ ನೋಡಿದ್ದೆ. ಅವು ನಾಲಿಗೆಯಿಂದ ಕೆಳಗೆ ಇಳಿಯಲಿಲ್ಲ. 9 ಬರೆದ ಕೈಯಲ್ಲೇ ಅತ್ಯುತ್ತಮ ಎಂದು ಬರೆಯುವುದು ಹೇಗೆ? ‘ಈರ್’ ನನ್ನಿಂದ ಸುಳ್ಳನ್ನು ಕೇಳಲಿಲ್ಲ. ಆರನೆಯ ಹೋಲಿನಲ್ಲಿ ಚೆಂಡು ಗ್ರೀನಿನಿಂದ (ಗುಂಡಿಯ ಸುತ್ತಲಿನ ನುಣುಪು ಹುಲ್ಲುಹಾಸು) ದೂರ, ತಗ್ಗಿನಲ್ಲಿ ಬಿದ್ದಿತ್ತು. ‘ನಿನ್ನೆಡ್ದ್ ಆಪುಜಿ’ ಎಂದು ಹಳೆಯ ದನಿ ಶುರುಮಾಡುವಷ್ಟರಲ್ಲಿ ನಾನು ಅದನ್ನು ತಿದ್ದಿದೆ: ನಿಮ್ಮಿಂದ ಆಗುವುದಿಲ್ಲ. ಹೇಳಿದೊಡನೆ ನನಗೆ ಕೌಂಟರ್ ನೆನಪಾಯಿತು. ನಾವು ನೀನು ಎಂದು ಕರೆದವರಿಗೆ ಆಗುವುದಿಲ್ಲ ಎಂದಷ್ಟೇ ಹೇಳಿ ಮುಖ ತಿರುಗಿಸಬಹುದು. ನೀವು ಎಂದ ಮೇಲೆ ಹಾಗೆ ಬಿಡಲು ಬರುವುದಿಲ್ಲ. ಯಾಕೆ ಆಗುವುದಿಲ್ಲ, ಯಾವ ಕಾಗದ ಕಡಿಮೆಯಿದೆ, ಮುಂದೇನು ಮಾಡಬೇಕು ಎಂದು ಹೇಳಲೇಬೇಕು. ‘ನಿಮ್ಮಿಂದ ಆಗುವುದಿಲ್ಲ, ಯಾಕೆಂದರೆ ತಗ್ಗಿನಿಂದ ಈ ಕ್ಲಬ್ಬಿನಲ್ಲಿ ಅಷ್ಟು ದೂರ ಮುಟ್ಟುವುದಿಲ್ಲ. ಗ್ರೀನಿನ ಆಸೆ ಬಿಡಿ. ಮುಂದಿನ ಸಮತಟ್ಟಿಗೆ ಒಂದು ಸಣ್ಣ ಹೊಡೆತ ಹಾಕಿ, ಅಲ್ಲಿಂದ ನೋಡೋಣ.’ ಅದೇ ವಾಕ್ಯ ಈಗ ಉಪಯೋಗದ ಮಾಹಿತಿಯಾಗಿತ್ತು. ಸಣ್ಣದಾಗಿ ಹೊಡೆದೆ. ಬೆರಳುಗಳು ಸಡಿಲವಾಗಿದ್ದವು.

ಏಳನೆಯದರಲ್ಲಿ ಮರೆತೆ. ಸುಲಭದ ಹೊಡೆತವೊಂದನ್ನು ನೆಲಕ್ಕೆ ಕುಟ್ಟಿ ಮಣ್ಣು ಹಾರಿಸಿದಾಗ ‘ಈ’ ಪೂರ್ತಿ ಬಲದೊಂದಿಗೆ ಮರಳಿ ಬಂತು, ಒಂದೇ ಉಸಿರಿಗೆ ನಾಲ್ಕು ಗೀಟು. ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಜಾಗಕ್ಕೆ ಕೂರಿಸಿ ಪಾದದಿಂದ ಒತ್ತಿದೆ. ಅದು ಈ ಆಟದ ಶಿಷ್ಟಾಚಾರ. ಒತ್ತುತ್ತ ಒತ್ತುತ್ತ ಮತ್ತೆ ‘ಈರ್’ಗೆ ಬಂದೆ. ಎಂಟನೆಯದನ್ನು ಸಮಾಧಾನದಿಂದ ಆಡಿದೆ.

ಒಂಬತ್ತನೆಯ ಹೋಲಿನ ಗ್ರೀನಿನಲ್ಲಿ ನಾಲ್ಕು ಅಡಿ ದೂರದ ಪಟ್ ಉಳಿದಿತ್ತು. ಗುಂಡಿಯ ಅಗಲ 108 ಮಿಲಿಮೀಟರ್, ಒಂದು ಗೇಣಿಗಿಂತ ಬಹಳ ಕಡಿಮೆ. ವೈದ್ಯರು ತಮ್ಮ ಸರದಿ ಮುಗಿಸಿ ಪಕ್ಕಕ್ಕೆ ಸರಿದರು. ನಾನು ಪಟ್ಟರ್ ಹಿಡಿದು ಬಗ್ಗಿ ನೋಡಿದೆ, ನೆಲ ಎಡಕ್ಕೆ ತುಸು ಇಳಿಜಾರು. ‘ತೂಲೆ,’ ನನಗೆ ನಾನೇ ಹೇಳಿಕೊಂಡೆ, ನೋಡಿ. ‘ಬಲ ಅಂಚಿಗೆ ಹೊಡೆಯಿರಿ. ಅದೇ ತಂತಾನೆ ಎಡಕ್ಕೆ ಬರುತ್ತದೆ.’ ಹೊಡೆದೆ. ಚೆಂಡು ತಾನಾಗಿ ಎಡಕ್ಕೆ ಬಾಗಿತು, ಆದರೆ ಬಾಗಿದ್ದು ಹೆಚ್ಚಾಯಿತು. ಗುಂಡಿಯ ತುಟಿಯನ್ನು ಸವರಿ ಒಂದು ಬೆರಳಿನಷ್ಟು ಆಚೆ ನಿಂತಿತು.

ಹಳೆಯ ದನಿಗಾಗಿ ಕಾದೆ. ‘ಈ...’ ಎಂದು ಅದು ಬಾಯಿ ತೆರೆಯಿತು. ಮುಂದಿನ ಮಾತು ಬರಲಿಲ್ಲ. ಇಳಿಜಾರನ್ನು ನಾನು ಓದಿದ್ದು ಸರಿಯಿತ್ತು, ಹೊಡೆತದ ಬಲ ಮಾತ್ರ ಸಾಲಲಿಲ್ಲ; ಅಷ್ಟೇ ಹೇಳುವುದಿತ್ತು, ಅಷ್ಟನ್ನೇ ಹೇಳಿಕೊಂಡೆ. ಚೆಂಡನ್ನು ಗುಂಡಿಗೆ ತಳ್ಳಿ ಕಾರ್ಡಿನಲ್ಲಿ 6 ಎಂದು ಬರೆದೆ. ಕೊನೆಯ ಐದು ಹೋಲುಗಳಿಗೆ 30 ಹೊಡೆತ, ಅಂಚಿನಲ್ಲಿ ಎಂಟು ಗೀಟು.

ಹುಡುಗ ಬಾವುಟದ ಕೋಲನ್ನು ಗುಂಡಿಗೆ ಮರಳಿ ಇಟ್ಟು ಚೀಲವನ್ನು ಹೆಗಲಿಗೇರಿಸಿದ. ಬಿಸಿಲು ಏರಿತ್ತು. “ಅಕ್ಕ, ಬರ್ಪಿ ಐತಾರ ಏತ್ ಗಂಟೆಗ್ ಬರ್ಪರ್?” ಎಂದು ಕೇಳಿದ. ಬರುವ ಭಾನುವಾರ ಎಷ್ಟು ಗಂಟೆಗೆ ಬರುತ್ತೀರಿ?

“ಆರೂವರೆಗೆ,” ಎಂದೆ. ಮಂಜು ಆರುವ ಮೊದಲೇ ಅರ್ಧ ಗಂಟೆ ಪಟ್ ಅಭ್ಯಾಸ ಮಾಡುವುದಿತ್ತು.