ಐದು ಜಿಂಕೆ, ಒಂದು ಡಬ್ಬಿ ಪಲ್ಯ

28 ನವೆಂಬರ್ 2024, ಗುರುವಾರ
ಮ್ಯಾಸಚೂಸೆಟ್ಸ್

ಇವತ್ತು ಅಮೆರಿಕದ ಕೃತಜ್ಞತೆಯ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಪಕ್ಕದ ಮನೆಯ ಅಜ್ಜಿ ಮೂರು ಗಂಟೆಗೆ ಊಟಕ್ಕೆ ಕರೆದಿದ್ದರು. ಏನೂ ತರಬೇಡ ಅಂದಿದ್ದರು, ಮನಸ್ಸು ಕೇಳಲಿಲ್ಲ. ಊಟಕ್ಕೆ ಕರೆದವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಅಂತ ಅಮ್ಮ ಕಲಿಸಿದ್ದು. ಬೆಳಿಗ್ಗೆಯೇ ಸಿಹಿಗುಂಬಳದ ಪಲ್ಯ ಮಾಡಿದೆ. ಆ ಕುಂಬಳ, ಒಗ್ಗರಣೆಯ ಮೆಣಸಿನಕಾಯಿ ಎರಡಕ್ಕೂ ತವರು ಈ ಅಮೆರಿಕ ಖಂಡವೇ.

ಪಲ್ಯ ಬೇಯುವಾಗ, ಈ ಹಬ್ಬದ ಮೂಲ ಅನ್ನುವ 1621ರ ಊಟ ನೆನಪಾಯಿತು. ಹಿಂದಿನ ವರ್ಷ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ನೆಲೆಸಲು ಬಂದ 102 ಮಂದಿಯಲ್ಲಿ ಸುಮಾರು ಅರ್ಧ ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಉಳಿದವರಿಗೆ ಮೀನು ಗೊಬ್ಬರ ಹಾಕಿ ಮೆಕ್ಕೆಜೋಳ ಬೆಳೆಯುವುದನ್ನು ಹೇಳಿಕೊಟ್ಟವನು ಇಲ್ಲಿನ ಮೂಲನಿವಾಸಿ ಟಿಸ್ಕ್ವಾಂಟಮ್. 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಅವನನ್ನು ಹಿಡಿದು, ಗುಲಾಮನಾಗಿ ಮಾರಲು ಸ್ಪೇನಿಗೆ ಒಯ್ದಿದ್ದ. ಹೇಗೋ ಪಾರಾಗಿ ವರ್ಷಗಳ ಮೇಲೆ ಮರಳಿದರೆ ಅವನ ಊರು ಪಟುಕ್ಸೆಟ್ ಪೂರ್ತಿ ಖಾಲಿ, ಸಾಂಕ್ರಾಮಿಕ ರೋಗ ಎಲ್ಲರನ್ನೂ ನುಂಗಿತ್ತು. ಇಂಗ್ಲಿಷರು ಪ್ಲಿಮತ್ ಕಟ್ಟಿಕೊಂಡಿದ್ದು ಅದೇ ನೆಲದ ಮೇಲೆ. ಅಂಥವನು ಅವರಿಗೆ ಬಿತ್ತನೆ ಕಲಿಸಿದ! ಎಷ್ಟು ಸಲ ಓದಿದರೂ ಇಲ್ಲಿ ಗಂಟಲು ಕಟ್ಟುತ್ತದೆ.

ಸುಗ್ಗಿಯ ಆ ಊಟ ಮೂರು ದಿನ ನಡೆಯಿತು. ಮುಖಂಡ ಮಸಾಸೋಯಿಟ್ ಜೊತೆ ಇಲ್ಲಿನ ಮೂಲನಿವಾಸಿ ವಾಂಪನೋಗ್ ಜನಾಂಗದ ಸುಮಾರು 90 ಗಂಡಸರು ಬಂದರು. ಬಂದವರೇ ಬೇಟೆಗೆ ಹೋಗಿ ಐದು ಜಿಂಕೆ ತಂದುಕೊಟ್ಟರು. ಅಲ್ಲಿದ್ದ ಎಡ್ವರ್ಡ್ ವಿನ್ಸ್‌ಲೋ ಪತ್ರದಲ್ಲಿ ಬರೆದಿಟ್ಟಿದ್ದಾನೆ. ನನಗೆ ಈ ಹಬ್ಬವೆಂದರೆ ಆ ಐದು ಜಿಂಕೆಗಳೇ. ಮಸಾಸೋಯಿಟ್‌ನ ಮಗ ಮೆಟಕಾಮ್‌ನನ್ನು ಮುಂದೆ 1676ರಲ್ಲಿ, ಇಂಗ್ಲಿಷರ ಜೊತೆಗಿನ ಯುದ್ಧದಲ್ಲಿ ಕೊಂದು, ತಲೆಯನ್ನು ಅದೇ ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿದರು. 1970ರಿಂದ ಪ್ರತಿ ವರ್ಷ ಈ ದಿನ ಮೂಲನಿವಾಸಿಗಳು ಅಲ್ಲಿನ ಕೋಲ್ಸ್ ಹಿಲ್ ಮೇಲೆ ಸೇರಿ ಶೋಕದಿನ ಆಚರಿಸುತ್ತಾರೆ.

ದೇಶಕ್ಕೆಲ್ಲ ಒಂದೇ ದಿನ ಹಬ್ಬ ಆಗಬೇಕು ಅಂತ ವರ್ಷಗಟ್ಟಲೆ ಬರೆದವರು ಪತ್ರಿಕೆಯ ಸಂಪಾದಕಿ ಸಾರಾ ಹೇಲ್. ಐದು ಮಕ್ಕಳನ್ನು ಸಾಕಿದ ವಿಧವೆ. 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಒಪ್ಪಿ ಘೋಷಿಸಿದರು. ನವೆಂಬರಿನ ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ.

ಅಜ್ಜಿಯ ಮನೆಯಲ್ಲಿ ಊಟಕ್ಕೆ ಮುಂಚೆ ಒಬ್ಬೊಬ್ಬರೂ ತಾವು ಯಾರಿಗೆ ಋಣಿ ಅಂತ ಹೇಳುವ ರೂಢಿ. ನನ್ನ ಸರದಿ ಬಂದಾಗ ಟಿಸ್ಕ್ವಾಂಟಮ್ ಹೆಸರು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಪಲ್ಯವನ್ನು ಮೊದಲು ತಾವೇ ಬಡಿಸಿಕೊಂಡರು.

ಹೊರಡುವಾಗ ನನ್ನ ಡಬ್ಬಿ ತೊಳೆದು, ಕ್ರ್ಯಾನ್‌ಬೆರಿ ಸಾಸ್ ತುಂಬಿಸಿ ಕೊಟ್ಟರು. ಹುಳಿ-ಸಿಹಿ, ನಮ್ಮ ಗೊಜ್ಜಿನ ಹಾಗೆ. ನಾಳೆ ಚಪಾತಿಗೆ ಆಯಿತು.