ಬರ್ಕ್ಲಿಯ ಗಂಟೆ ಗೋಪುರದ ಗಿಡುಗಗಳು

ಕ್ಯಾಲಿಫೋರ್ನಿಯಾಗೆ ಮಕ್ಕಳ ಮನೆಗೋ ಅಕ್ಕ-ತಂಗಿಯರ ಮನೆಗೋ ಹೋಗುವ ನಮ್ಮವರು ನೋಡಲೇಬೇಕು ಅಂತ ಇಟ್ಟುಕೊಳ್ಳುವ ಜಾಗಗಳು ಹೆಚ್ಚು ಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ, ಲಿವರ್‌ಮೋರ್ ದೇವಸ್ಥಾನ. 2022ರ ಜೂನ್‌ನಲ್ಲಿ ಸನ್ನಿವೇಲ್‌ನ ಅಕ್ಕನ ಮನೆಗೆ ಹೊರಟಾಗ ನನಗೆ ಮೊದಲು ನೋಡಬೇಕಿದ್ದದ್ದು ಒಂದು ಹಕ್ಕಿ ಸಂಸಾರ. ಬರ್ಕ್ಲಿಯ ವಿಶ್ವವಿದ್ಯಾಲಯದ ಗಂಟೆ ಗೋಪುರದ ಮೇಲೆ ಗೂಡು ಮಾಡಿದ್ದ ಪೆರೆಗ್ರಿನ್ ಫಾಲ್ಕನ್ ಎಂಬ ಗಿಡುಗಗಳು.

ಆ ಗೂಡಿಗೆ 2019ರಲ್ಲಿ ಕ್ಯಾಮೆರಾ ಇಟ್ಟಿದ್ದಾರೆ. ಲಿಂಕ್ ಕಳಿಸಿದವಳು ಅಕ್ಕನ ಮಗಳು. ಬೆಂಗಳೂರಿನಲ್ಲಿ ನಾನು ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ಸಂಜೆ. ತಾಯಿ ಹಕ್ಕಿ ಮೊಟ್ಟೆಗಳ ಮೇಲೆ ಕೂತಿರುವುದನ್ನು ದಿನಾ ನೋಡುತ್ತಿದ್ದೆ. ಹಾಗೆ ನೋಡುತ್ತಿದ್ದವರು ಪ್ರಪಂಚದ ಎಲ್ಲೆಲ್ಲೂ ಇದ್ದರು. 2022ರಲ್ಲಿ ನಾವೆಲ್ಲ ಸೇರಿ ಒಂದು ಸಾವಿಗೂ ಮರುಗಿದ್ದೆವು.

ಅದನ್ನು ಹೇಳಬೇಕು. 2016ರ ಕೊನೆಯಲ್ಲಿ ಈ ಗೋಪುರಕ್ಕೆ ಒಂದು ಜೋಡಿ ಬಂದು ನೆಲೆಸಿತು. ಹೆಣ್ಣಿಗೆ ಆನಿ, ಗಂಡಿಗೆ ಗ್ರಿನೆಲ್ ಎಂದು ಹೆಸರಿಟ್ಟರು. ವಿಶ್ವವಿದ್ಯಾಲಯದ ಪ್ರಾಣಿ ಮ್ಯೂಸಿಯಂ ಕಟ್ಟಲು ಹಣ ಕೊಟ್ಟ ಆನಿ ಅಲೆಕ್ಸಾಂಡರ್ ಮತ್ತು ಅದರ ಮೊದಲ ನಿರ್ದೇಶಕ ಜೋಸೆಫ್ ಗ್ರಿನೆಲ್ ಅವರ ಹೆಸರುಗಳು ಅವು. 2021ರ ಅಕ್ಟೋಬರ್ ಕೊನೆಗೆ ಬೇರೆ ಫಾಲ್ಕನ್‌ಗಳ ಜೊತೆ ಕಾದಾಡಿ ಗ್ರಿನೆಲ್ ಗಾಯಗೊಂಡ. ಲಿಂಡ್ಸೆ ಎಂಬ ವನ್ಯಜೀವಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು, ನವೆಂಬರ್‌ನಲ್ಲಿ ಬಿಟ್ಟರು. ಗೋಪುರಕ್ಕೆ ವಾಪಸ್ ಬಂದು ಆನಿಯನ್ನು ಮತ್ತೆ ಸೇರಿಕೊಂಡ. 2022ರ ಫೆಬ್ರವರಿಯಲ್ಲಿ ಆನಿಯೇ ಕಾಣೆಯಾದಳು. ಸತ್ತೇಹೋದಳು ಅಂತ ಎಲ್ಲರೂ ಅಂದುಕೊಂಡಿದ್ದಾಗ ತಿರುಗಿ ಬಂದಳು. ಮೊಟ್ಟೆಯಿಡುವ ಕಾಲ ಶುರುವಾಯಿತು. ಮಾರ್ಚ್ 31ರಂದು ಗ್ರಿನೆಲ್ ಬರ್ಕ್ಲಿಯ ಪೇಟೆ ಬೀದಿಯಲ್ಲಿ ಸತ್ತು ಬಿದ್ದಿದ್ದ. ಕಾರು ಬಡಿದಿರಬೇಕು.

ಈ ಜಾತಿಯಲ್ಲಿ ಕಾವು ಕೊಡುವುದು ಇಬ್ಬರ ಕೆಲಸ. ಹೆಣ್ಣು ಮೊಟ್ಟೆ ಮೇಲೆ ಕೂತಾಗ ಬೇಟೆ ತಂದುಕೊಡುವುದೂ ಗಂಡೇ. ಒಂಟಿ ತಾಯಿಗೆ ಮೊಟ್ಟೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಆದರೆ ಕೆಲವೇ ಗಂಟೆಗಳಲ್ಲಿ ಇನ್ನೊಂದು ಗಂಡು ಬಂದಿತು. ಅದರ ಒಂದು ಕಾಲು ಸರಿಯಿರಲಿಲ್ಲ, ಕುಂಟುತ್ತಿತ್ತು. ತನ್ನದಲ್ಲದ ಮೊಟ್ಟೆಗಳ ಮೇಲೆ ಬಂದು ಕೂತು ಕಾವು ಕೊಟ್ಟಿತು. ಅದಕ್ಕೆ ಜನ ಆಲ್ಡನ್ ಎಂದು ಹೆಸರು ಕೊಟ್ಟರು. ಮೇ 6ರಂದು ಎರಡು ಮರಿ ಹೊರಬಂದವು. ಒಂದಕ್ಕೆ ಅಪ್ಪನ ಹೆಸರು, ಗ್ರಿನೆಲ್ ಜೂನಿಯರ್. ಇನ್ನೊಂದಕ್ಕೆ ಆಸ್ಪತ್ರೆಯ ಹೆಸರು, ಲಿಂಡ್ಸೆ. ಈ ಎರಡು ಮರಿಗಳನ್ನು ಕಣ್ಣಾರೆ ನೋಡಬೇಕು ಅನ್ನುವುದೇ ನನ್ನ ಪ್ರವಾಸದ ಆಸೆ.

ಸನ್ನಿವೇಲ್‌ನಿಂದ ಬರ್ಕ್ಲಿಗೆ ಕಾರಿನಲ್ಲೂ ಹೋಗಬಹುದು. ಆದರೆ ಅಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ. ಭಾವ ನಮ್ಮನ್ನು ಮಿಲ್ಪಿಟಾಸ್‌ನ ಬಾರ್ಟ್ ರೈಲು ನಿಲ್ದಾಣಕ್ಕೆ ಬಿಟ್ಟರು. ಅಲ್ಲಿಂದ ಕಿತ್ತಳೆ ಮಾರ್ಗದ ರೈಲು ಹತ್ತಿದರೆ ನೇರ ಡೌನ್‌ಟೌನ್ ಬರ್ಕ್ಲಿ. ನಿಲ್ದಾಣದಿಂದ ಹೊರಗೆ ಬಂದು ಪೂರ್ವಕ್ಕೆ, ಗುಡ್ಡದ ಕಡೆ ನಡೆದರೆ ಕ್ಯಾಂಪಸ್. ಗೋಪುರ ಹುಡುಕುವುದೇ ಬೇಡ. 307 ಅಡಿ ಎತ್ತರ. ವೆನಿಸ್ ನಗರದ ಗೋಪುರವನ್ನು ನೋಡಿ 1914ರಲ್ಲಿ ಕಟ್ಟಿದ್ದು. ಹಾಗಾಗಿ ಕ್ಯಾಂಪನೀಲಿ ಅನ್ನುವ ಇಟಾಲಿಯನ್ ಹೆಸರೇ ಇದಕ್ಕೂ ನಿಂತಿದೆ. ಮೇಲೆ 61 ಗಂಟೆಗಳಿವೆ. ಕೆಳಗಿನ ಅಂತಸ್ತುಗಳಲ್ಲಿ ಏನಿದೆ ಗೊತ್ತೇ? ಲಾಸ್ ಏಂಜಲಿಸ್‌ನ ಡಾಂಬರು ಹೊಂಡಗಳಿಂದ ತೆಗೆದ ಸಾವಿರಾರು ವರ್ಷ ಹಳೆಯ ಪ್ರಾಣಿಗಳ ಮೂಳೆಗಳು. ಒಳಗೆ ಅಳಿದುಹೋದ ಪ್ರಾಣಿಗಳ ಮೂಳೆ, ತುದಿಯಲ್ಲಿ ಅಳಿವಿನಿಂದ ಬದುಕಿ ಬಂದ ಹಕ್ಕಿ. ಈ ವಿಷಯ ತಿಳಿದ ಮೇಲೆ ಆ ಗೋಪುರವನ್ನು ಸುಮ್ನೆ ಒಂದು ಕಟ್ಟಡ ಅಂತ ನೋಡಲು ನನಗೆ ಆಗಲೇ ಇಲ್ಲ.

ಬುಡದಲ್ಲಿ ಸಾಲಾಗಿ ಪ್ಲೇನ್ ಮರಗಳು. ಕೊಂಬೆಗಳನ್ನು ವರ್ಷಾ ವರ್ಷ ಕತ್ತರಿಸಿ ಗಂಟು ಗಂಟಾಗಿ ಬೆಳೆಸಿದ್ದಾರೆ. ಅದರಾಚೆ ಹುಲ್ಲುಹಾಸು. ಅಲ್ಲಿ ಟ್ರೈಪಾಡ್ ಮೇಲೆ ಸ್ಕೋಪ್ ಇಟ್ಟುಕೊಂಡು, ಟೋಪಿ ಹಾಕಿಕೊಂಡು ಮಡಚುವ ಕುರ್ಚಿಗಳಲ್ಲಿ ಕೆಲವರು ಕೂತಿದ್ದರು. ಇವರೇ ಕಾವಲಿನವರು. ಮರಿಗಳು ಹಾರಲು ಕಲಿಯುವ ವಾರಗಳಲ್ಲಿ ಸ್ವಯಂಸೇವಕರು ಇಲ್ಲಿ ಬಂದು ಕಣ್ಣಿಟ್ಟಿರುತ್ತಾರೆ. ಮರಿ ನೆಲಕ್ಕೆ ಬಿದ್ದರೆ ನಾಯಿ, ವಾಹನ, ಜನರಿಂದ ಅದನ್ನು ಕಾಯಬೇಕು. 2017ರಲ್ಲಿ ಈ ಗೋಪುರದಲ್ಲಿ ಹುಟ್ಟಿದ ಮೊದಲ ಎರಡು ಮರಿಗಳಿಗೆ ವಿಶ್ವವಿದ್ಯಾಲಯದ ಧ್ಯೇಯವಾಕ್ಯದಿಂದ ಫಿಯಾಟ್, ಲಕ್ಸ್ ಎಂದು ಹೆಸರಿಟ್ಟಿದ್ದರು. ಲಕ್ಸ್ ಹಾರಲು ಕಲಿಯುವಾಗಲೇ ಕಟ್ಟಡಕ್ಕೆ ಬಡಿದು ಸತ್ತಿತು. ಅಂಥದ್ದು ಆಗದಿರಲಿ ಅಂತ ಇವರು ಬಿಸಿಲಲ್ಲಿ ಕೂರುತ್ತಾರೆ.

"ಚಿಕ್ಕಿ, ಅಲ್ಲಿ ನೋಡಿ, ಎವನ್ಸ್ ಹಾಲ್ ಮೇಲೆ!" ಅಂದಳು ಅಕ್ಕನ ಮಗಳು. ಪಕ್ಕದ ಎತ್ತರದ ಕಾಂಕ್ರೀಟ್ ಕಟ್ಟಡದ ಅಂಚಿನಲ್ಲಿ ಕಂದು ಬಣ್ಣದ ಹಕ್ಕಿ. ಎದೆ ಮೇಲೆ ಉದ್ದುದ್ದ ಗೆರೆ. ದೊಡ್ಡವುಗಳ ಬೆನ್ನು ಸ್ಲೇಟಿನ ಬಣ್ಣ, ಎದೆಯಲ್ಲಿ ಅಡ್ಡ ಗೆರೆ, ಕೆನ್ನೆಗೆ ಇಳಿಬಿದ್ದ ಕಪ್ಪು ಮೀಸೆ. ಹಾಗಾಗಿ ಇದು ಮರಿಯೇ. ಸ್ಕೋಪ್ ಹಿಂದೆ ಕೂತಿದ್ದ ಹಿರಿಯ ಹೆಂಗಸೊಬ್ಬರು ತಾವೇ ಎದ್ದು, ನೋಡಿ ಅಂತ ಜಾಗ ಬಿಟ್ಟುಕೊಟ್ಟರು. ಹಳದಿ ಕಾಲಿನ ಉಗುರು ಕೂಡ ಕಂಡಿತು. ಬೆಂಗಳೂರಿನಲ್ಲಿ ಫೋನಿನ ಪರದೆ ಮೇಲೆ ಬಿಳಿ ಹತ್ತಿಯ ಮುದ್ದೆಯಂತೆ ನೋಡಿದ್ದ ಮರಿ ಇದೇ. ನನ್ನ ಗಂಟಲು ಕಟ್ಟಿತು.

ಆಮೇಲೆ ನಡೆದದ್ದು ಒಂದೆರಡು ನಿಮಿಷದ ಮಾತು. ಮೇಲೆಲ್ಲೋ ಕರ್ಕಶವಾದ ಕೂಗು. ದೊಡ್ಡ ಹಕ್ಕಿ ಕಾಲಲ್ಲಿ ಬೇಟೆ ಹಿಡಿದು ಗೋಪುರದ ಸುತ್ತ ಬಂತು. ಕೂತಿದ್ದ ಮರಿ ಚೀರುತ್ತಾ ಎದ್ದು ಹಾರಿತು. ಎಲ್ಲಿದ್ದಿತೋ, ಇನ್ನೊಂದು ಮರಿಯೂ ಬಂತು. ತಾಯಿ ಬೇಟೆಯನ್ನು ಸುಲಭಕ್ಕೆ ಕೊಡಲಿಲ್ಲ. ಒಂದು ಸುತ್ತು ಆಟ ಆಡಿಸಿದಳು. ಮುಂದಿದ್ದ ಮರಿ ಕೆಳಗಿನಿಂದ ಏರಿ, ಗಾಳಿಯಲ್ಲೇ ಮಗ್ಗುಲಾಗಿ ಕಾಲು ಚಾಚಿತು. ಕಿತ್ತುಕೊಂಡಿತು! ಹುಲ್ಲಿನ ಮೇಲೆ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪುಸ್ತಕ ಹಿಡಿದು ಹೋಗುತ್ತಿದ್ದ ವಿದ್ಯಾರ್ಥಿಗಳೂ ನಿಂತು ಮೇಲೆ ನೋಡಿದರು. ಗಾಳಿಯಲ್ಲಿ ಬೇಟೆ ಹಿಡಿಯುವ ಪಾಠ ಹೀಗೆ ಶುರುವಾಗುತ್ತದೆ. ಮುಂದೆ ಇದೇ ಮರಿಗಳು ಎತ್ತರದಿಂದ ರೆಕ್ಕೆ ಮಡಚಿ, ಗಂಟೆಗೆ 300 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಪಾರಿವಾಳದ ಮೇಲೆ ಎರಗುತ್ತವೆ. ಅಷ್ಟು ವೇಗದ ಪ್ರಾಣಿ ಭೂಮಿ ಮೇಲೆ ಬೇರೆ ಇಲ್ಲ.

ಮಧ್ಯಾಹ್ನ ಮೊಸರನ್ನದ ಡಬ್ಬಿ ತೆರೆದಾಗ ಆ ಹಿರಿಯರು ಹತ್ತಿರ ಬಂದು ಕೂತು ಬಹಳ ಹೊತ್ತು ಮಾತಾಡಿದರು. ಇವು ಕಡ್ಡಿ ಕೂಡಿಸಿ ಗೂಡು ಕಟ್ಟುವ ಹಕ್ಕಿಗಳಲ್ಲ. ಬಂಡೆಯ ಚಾಚಿನಲ್ಲಿ ಸಣ್ಣ ಕಲ್ಲು, ಮಣ್ಣನ್ನು ಎದೆಯಿಂದ ಒತ್ತಿ ತಗ್ಗು ಮಾಡಿ ಅಲ್ಲೇ ಮೊಟ್ಟೆ ಇಡುತ್ತವೆ. ಅವಕ್ಕೆ ಗೋಪುರವೂ ಬಂಡೆಯೇ. ಆದರೆ ಕಟ್ಟಡದಲ್ಲಿ ಜಲ್ಲಿ ಎಲ್ಲಿಂದ ಬರಬೇಕು? ಆನಿ ಶುರುವಿನಲ್ಲಿ ಮೊಟ್ಟೆ ಇಟ್ಟದ್ದು ಗೋಪುರದ ಮೇಲಿದ್ದ ಒಂದು ಮರಳಿನ ಚೀಲದ ಮೇಲೆ. ಅಲ್ಲಿ ಮೊಟ್ಟೆ ಉರುಳದೆ ನಿಲ್ಲುವುದು ಕಷ್ಟ. ವಿಜ್ಞಾನಿಗಳು ಜಲ್ಲಿ ತುಂಬಿದ ಒಂದು ತಟ್ಟೆ ಇಟ್ಟರು. ಅಷ್ಟೇ ಸಾಕಾಯಿತು.

ಅಷ್ಟೇ ಸಾಕು ಅನ್ನುವ ಮಟ್ಟಕ್ಕೆ ಬರಲು ಮಾತ್ರ ಬಹಳ ಜನ ಬಹಳ ವರ್ಷ ದುಡಿದಿದ್ದಾರೆ. 1970ರಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲಿ ಗೂಡು ಮಾಡುತ್ತಿದ್ದ ಜೋಡಿಗಳಲ್ಲಿ ಗೊತ್ತಿದ್ದದ್ದು ಎರಡೇ. ಕಾರಣ ಡಿಡಿಟಿ ಎಂಬ ಕೀಟನಾಶಕ. ಹುಳದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಫಾಲ್ಕನ್‌ಗೆ ಬಂದು ಅದರ ಕೊಬ್ಬಿನಲ್ಲಿ ಸೇರುತ್ತಿತ್ತು. ಮೊಟ್ಟೆಯ ಚಿಪ್ಪಿಗೆ ಕ್ಯಾಲ್ಸಿಯಂ ಸರಿಯಾಗಿ ಸೇರದಂತೆ ತಡೆಯುತ್ತಿತ್ತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಇದಕ್ಕಿಂತ ಕ್ರೂರವಾದ್ದು ಏನಿದೆ? ಮಲೆನಾಡಿನ ಅಜ್ಜಿ ಮನೆಗೆ ಮಲೇರಿಯಾದವರು ಬಂದು ಗೋಡೆಗಳಿಗೆ ಡಿಡಿಟಿ ಹೊಡೆದು, ತಾರೀಖು ಬರೆದು ಹೋಗುತ್ತಿದ್ದದ್ದು ನನಗೆ ನೆನಪಿದೆ. ನಮ್ಮಲ್ಲಿ ಹೊಲಕ್ಕೆ ಅದನ್ನು ನಿಲ್ಲಿಸಿದ್ದು 1989ರಲ್ಲಿ. ಅಮೆರಿಕ 1972ರಲ್ಲೇ ನಿಷೇಧಿಸಿತು.

ನಿಷೇಧ ಮಾಡಿದ ಮರುದಿನವೇ ಹಕ್ಕಿ ಬರುವುದಿಲ್ಲವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಪೆರೆಗ್ರಿನ್‌ಗಳನ್ನು ಸಾಕಿ, ಮರಿ ಮಾಡಿಸಿ, ಕಾಡಿಗೆ ಬಿಡಲು ಶುರು ಮಾಡಿದರು. ಇಲ್ಲಿ ಸ್ಯಾಂಟಾ ಕ್ರೂಜ್‌ನ ತಂಡವೊಂದು ಇನ್ನೂ ಸೂಕ್ಷ್ಮವಾದ ಕೆಲಸ ಮಾಡಿತು. ಬಂಡೆ ಹತ್ತಿ, ಗೂಡಿನಿಂದ ತೆಳು ಚಿಪ್ಪಿನ ಮೊಟ್ಟೆಗಳನ್ನು ತಂದು ಇನ್‌ಕ್ಯುಬೇಟರ್‌ನಲ್ಲಿ ಕಾವು ಕೊಡುತ್ತಿದ್ದರು. ಗೂಡಿನಲ್ಲಿ ಸುಳ್ಳು ಮೊಟ್ಟೆ ಇಟ್ಟು ಬರುತ್ತಿದ್ದರು. ತಾಯಿ ಅದರ ಮೇಲೆ ಕೂತೇ ಇರುತ್ತಿದ್ದಳು. ಆಮೇಲೆ ಮತ್ತೆ ಹಗ್ಗದಲ್ಲಿ ಇಳಿದು ಜೀವಂತ ಮರಿಯನ್ನು ಅವಳ ಮುಂದೆ ಇಟ್ಟು ಬರುವುದು. ಹೀಗೆ ಗೂಡಿನಿಂದ ಗೂಡಿಗೆ, ವರ್ಷದಿಂದ ವರ್ಷಕ್ಕೆ. 1999ರಲ್ಲಿ ಪೆರೆಗ್ರಿನ್ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. 2019ರ ಕ್ಯಾಂಪನೀಲಿ ಮರಿಗಳಲ್ಲಿ ಒಂದಕ್ಕೆ ಕೇಡ್ ಎಂದೇ ಹೆಸರಿಟ್ಟಿದ್ದಾರೆ.

ಸ್ಯಾನ್ ಹೋಸೆಯ ಸಿಟಿ ಹಾಲ್‌ಗೂ ಒಂದು ಸಂಜೆ ಹೋಗಿ ಬಂದೆವು. ಅಕ್ಕನ ಮನೆಗೆ ಹತ್ತಿರ. 18 ಅಂತಸ್ತಿನ ಆ ಕಟ್ಟಡದ ಮೇಲ್ತುದಿಯಲ್ಲಿ 2007ರಲ್ಲಿ ಗೂಡಿನ ಪೆಟ್ಟಿಗೆ ಇಟ್ಟರು. ಕ್ಲಾರಾ ಎಂಬ ಹೆಣ್ಣು ಅಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದಳು. ಅಲ್ಲಿ ಮರಿಗಳು ಬೇಗ ಹಾರುತ್ತವೆ, ಜೂನ್‌ಗೆ ಹೋದವರಿಗೆ ನೋಡಲು ಹೆಚ್ಚೇನೂ ಸಿಗುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಬಾರ್ಕಡೆರೋ ನಿಲ್ದಾಣಕ್ಕೆ ಇಳಿದು ಸಮುದ್ರದ ದಡಕ್ಕೆ ಬಂದರೆ ಎದುರಿಗೇ ಬೇ ಬ್ರಿಡ್ಜ್. ಅದರ ಉಕ್ಕಿನ ಸಂದುಗಳಲ್ಲೂ ಪೆರೆಗ್ರಿನ್‌ಗಳು ಗೂಡು ಮಾಡಿವೆ. ದೊಡ್ಡ ಹಕ್ಕಿಗೆ ಅದು ಒಳ್ಳೆಯ ಜಾಗ. ಮರಿಗೆ ಅಪಾಯದ್ದು. ಮೊದಲ ಸಲ ಹಾರಿದ ಮರಿಗೆ ಕೆಳಗೆ ನೆಲವಿಲ್ಲ, ಮರವಿಲ್ಲ, ಬರೀ ನೀರು. ಬಿದ್ದರೆ ಮುಗಿಯಿತು. ಹಾಗಾಗಿ ಸ್ಯಾಂಟಾ ಕ್ರೂಜ್‌ನ ತಂಡದವರು ಸೇತುವೆಯ ಗೂಡುಗಳಿಂದ ಮರಿಗಳನ್ನು ಎತ್ತಿ ತಂದು, ಸಾಕಿ, ಬೇರೆ ಕಡೆ ಹಾರಲು ಬಿಟ್ಟದ್ದುಂಟು. ಸೇತುವೆಯ ಮೇಲೆ ಓಡುವ ವಾಹನಗಳನ್ನು ನೋಡುತ್ತಾ, ಅಷ್ಟು ಎತ್ತರದಲ್ಲಿ ಮರಿಗೆ ಕೈಹಾಕಿದವರ ಧೈರ್ಯಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಅಲ್ಲಿಂದ 33ನೇ ಪಿಯರ್‌ಗೆ ನಡೆದು ಅಲ್ಕಟ್ರಾಜ್ ದೋಣಿ ಹತ್ತಿದೆವು. ಎಲ್ಲರೂ ಹೋಗುವುದು ಹಳೆಯ ಜೈಲು ನೋಡಲು. ನಾನು ಹೋದದ್ದು ಆನಿಯ ಮಗಳ ಮನೆ ನೋಡಲು. 2018ರಲ್ಲಿ ಗೋಪುರದಲ್ಲಿ ಮೂರು ಮರಿ ಹುಟ್ಟಿದ್ದವು. ಬರ್ಕ್ಲಿಯಲ್ಲಿ ಕಂಡುಹಿಡಿದ ಮೂಲಧಾತುಗಳ ಹೆಸರನ್ನೇ ಅವಕ್ಕೆ ಕೊಟ್ಟಿದ್ದರು: ಬರ್ಕೀಲಿಯಂ, ಕ್ಯಾಲಿಫೋರ್ನಿಯಂ, ಲಾರೆನ್ಸಿಯಂ. 2020ರಲ್ಲಿ ಪ್ರವಾಸಿಗರಿಲ್ಲದೆ ದ್ವೀಪ ಖಾಲಿಯಾಗಿದ್ದಾಗ ಅಲ್ಲಿ ಒಂದು ಪೆರೆಗ್ರಿನ್ ಗೂಡು ಮಾಡಿತು. ಮರಿಯಾಗಿದ್ದಾಗ ಕಾಲಿಗೆ ಹಾಕಿದ್ದ ಗುರುತಿನ ಉಂಗುರ ಓದಿ ನೋಡಿದರೆ, ಲಾರೆನ್ಸಿಯಂ! ಬರ್ಕ್ಲಿಯ ಗೋಪುರದ ಬುಡದಿಂದ ಕೊಲ್ಲಿಯ ಕಡೆ ನೋಡಿದರೆ ಈ ದ್ವೀಪ ಕಾಣುತ್ತದೆ. ಅಷ್ಟೇ ದೂರದಲ್ಲಿ ಮಗಳು ತನ್ನದೇ ಬಂಡೆ ಹುಡುಕಿಕೊಂಡಿದ್ದಾಳೆ. ನಮಗೆ ಅವಳು ಕಾಣಲಿಲ್ಲ. ಕಡಲಕ್ಕಿಗಳು ಗೂಡು ಮಾಡುವ ಕಾಲವಾದ್ದರಿಂದ ದ್ವೀಪದ ಒಂದಷ್ಟು ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ. ಅದು ಸರಿಯೇ. ದಾರಿಯ ಪಕ್ಕದಲ್ಲೇ ಗಲ್ ಹಕ್ಕಿಗಳು ಮರಿಗಳನ್ನು ಮುಂದಿಟ್ಟುಕೊಂಡು ಕೂತಿದ್ದವು. ಅದನ್ನು ನೋಡುವುದರಲ್ಲೇ ಹೊತ್ತು ಹೋಯಿತು.

ವಾಪಸ್ ಬಂದ ಮೇಲೂ ಗೂಡಿನ ಸುದ್ದಿ ಬಿಟ್ಟಿಲ್ಲ. ಆಲ್ಡನ್ ಆ ವರ್ಷದ ಕೊನೆಯಷ್ಟರಲ್ಲಿ ಕಾಣದಾದ. 2023ರಲ್ಲಿ ಲೂ, 2024ರಲ್ಲಿ ಆರ್ಚಿ ಎಂಬ ಗಂಡುಗಳ ಜೊತೆ ಆನಿ ಮತ್ತೆ ಮರಿ ಮಾಡಿದಳು. 2025ರ ಜನವರಿಯ ನಂತರ ಅವಳು ಗೋಪುರಕ್ಕೆ ಬರಲಿಲ್ಲ. ನಮ್ಮ ಕಡೆಯ ಬೆಟ್ಟಗಳ ಬಂಡೆಗಳಲ್ಲೂ ಇದೇ ಜಾತಿಯ ಶಾಹೀನ್ ಇದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಪೆರೆಗ್ರಿನ್‌ಗಳೂ ಇವೆ. ಈಗ ಎತ್ತರದ ಟವರ್ ಕಂಡಲ್ಲೆಲ್ಲ ನಾನು ತಲೆಯೆತ್ತಿ ನೋಡುತ್ತೇನೆ.

ಆ ಕಡೆ ಹೋಗುವವರಿಗೆ ಒಂದು ಮಾತು. ಆ ವರ್ಷ ಗೋಪುರದಲ್ಲಿ ಜೋಡಿಯೊಂದು ಗೂಡು ಮಾಡಿದ್ದರೆ, ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಒಳ್ಳೆಯ ಸಮಯ. ಬೈನಾಕ್ಯುಲರ್, ಟೋಪಿ, ನೀರು ತಗೊಂಡು ಹೋಗಿ. ಬೇಸಿಗೆಯಲ್ಲೂ ಕೊಲ್ಲಿಯ ಗಾಳಿ ತಣ್ಣಗಿರುತ್ತದೆ, ಒಂದು ಸ್ವೆಟರ್ ಇರಲಿ. ಸ್ಕೋಪ್ ಇಟ್ಟುಕೊಂಡು ಕೂತವರು ಕಂಡರೆ ಸಂಕೋಚ ಬೇಡ, ಹೋಗಿ ಮಾತಾಡಿಸಿ. ಅವರು ನೋಡಲು ಕೊಡುತ್ತಾರೆ.