ಆಲ್ಜಿನೇಟ್ ಅಚ್ಚು, ಹೈಪೋ ಮತ್ತು ಕೋಲಾರದ ನೀರು: ಪ್ರಯೋಗದ ದಾಖಲೆ

ಶ್ರೀನಿವಾಸಪುರ, ಮುಳಬಾಗಿಲು, ಬಂಗಾರಪೇಟೆ ಕಡೆಯಿಂದ ಕೋಲಾರದ ಹಲ್ಲಿನ ಲ್ಯಾಬಿಗೆ ಬರುವ ಆಲ್ಜಿನೇಟ್ ಅಚ್ಚಿನ (ಪುಡಿಯನ್ನು ನೀರಲ್ಲಿ ಕಲಸಿ ಬಾಯಿಂದ ತೆಗೆದ ಅಚ್ಚು) ಮೇಲೆ ಮಾಡಿದ ಹಲ್ಲಿನ ಪ್ಲೇಟು ಬಾಯಲ್ಲಿ ಸರಿಯಾಗಿ ಕೂರದಿದ್ದರೆ ಮೊದಲು ಬೈಸಿಕೊಳ್ಳುವುದು ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಕ್ರಿಮಿ ಕೊಲ್ಲಲು ಹಾಕಿದ ದ್ರಾವಣವೇ ಅಚ್ಚನ್ನು ಕೆಡಿಸುತ್ತದೆ ಎಂಬ ಮಾತು. ಕೆಡಿಸುವುದು ಹೈಪೋನೋ, ಅದರ ಜೊತೆಗಿರುವ ನೀರೋ, ಹೊತ್ತೋ? ಈ ಮೂರನ್ನು ಬೇರೆ ಬೇರೆ ಮಾಡಿ ನೋಡುವುದಷ್ಟೇ ಇಲ್ಲಿನ ಕೆಲಸ.

ಮೊದಲ ವಾರ: ಅಳೆಯುವ ಸಾಧನ

ಸ್ಟೀಲ್ ಪ್ಲೇಟಿನ ಮೇಲೆ 6 ಮಿ.ಮೀ. ವ್ಯಾಸದ ಎರಡು ಪಿನ್, ನಡುವಿನಿಂದ ನಡುವಿಗೆ 25 ಮಿ.ಮೀ. ಲೇತ್ ಅಂಗಡಿಯಲ್ಲಿ ಪಿನ್ನಿನ ತಲೆಯನ್ನು ತುಸು ಮೊನಚು ಮಾಡಿಸಬೇಕು, ಇಲ್ಲದಿದ್ದರೆ ತೆಗೆಯುವಾಗ ಆಲ್ಜಿನೇಟ್ ಹರಿಯುತ್ತದೆ. ಪಕ್ಕದಲ್ಲಿ ಸ್ಟೀಲ್ ಸ್ಕೇಲಿನ ಒಂದು ತುಂಡು ಅಂಟಿಸಿದೆ. ಅದರ ಅರ್ಧ ಮಿ.ಮೀ. ಗೀರುಗಳು ಕಾಸ್ಟಿನಲ್ಲಿ, ಅಂದರೆ ಅಚ್ಚಿಗೆ ಸುರಿದು ತೆಗೆದ ಗಟ್ಟಿ ಪ್ರತಿಯಲ್ಲಿ, ಎಷ್ಟು ಚೂಪಾಗಿ ಮೂಡಿವೆ ಎಂಬುದನ್ನು 10 ಪಟ್ಟಿನ ಲೂಪ್‌ನಲ್ಲಿ (ಭೂತಗನ್ನಡಿ) ನೋಡುವುದು.

ಡಿಜಿಟಲ್ ಕ್ಯಾಲಿಪರ್‌ನಲ್ಲಿ ಪಿನ್ನುಗಳ ಹೊರ ಅಂಚಿನಿಂದ ಹೊರ ಅಂಚಿಗೆ 31 ಮಿ.ಮೀ., ಒಳ ಅಂಚಿನಿಂದ ಒಳ ಅಂಚಿಗೆ 19 ಮಿ.ಮೀ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಡುವಿನ ದೂರ. ಕಳೆದು ಅರ್ಧ ಮಾಡಿದರೆ ಪಿನ್ನಿನ ದಪ್ಪ. ಎರಡೂ ಬೇಕು. ಅಚ್ಚು ನೀರು ಕುಡಿದು ಉಬ್ಬಿದಾಗ ಹಿಂದೆ ಗಟ್ಟಿ ಟ್ರೇ ಇರುವುದರಿಂದ ಅದು ಒಳಗಿನ ಕುಳಿಯ ಕಡೆಗೇ ಬೆಳೆಯುತ್ತದೆ, ಪಿನ್ನು ಸಣ್ಣದಾಗುತ್ತದೆ. ನಡುವಿನ ದೂರವನ್ನೊಂದೇ ನೋಡುತ್ತಾ ಕೂತರೆ ಇದು ಕಣ್ಣಿಗೇ ಬೀಳುವುದಿಲ್ಲ.

25 ಮಿ.ಮೀ.ಯಲ್ಲಿ ಶೇ. 0.2 ಅಂದರೆ 0.05 ಮಿ.ಮೀ. ಕ್ಯಾಲಿಪರ್ 0.01 ತೋರಿಸುತ್ತದೆ ನಿಜ, ಹಿಡಿಯುವ ಕೈ ಅಷ್ಟು ನಿಖರವಲ್ಲ. ಹಾಗಾಗಿ ಪ್ರತಿ ಅಳತೆ ಐದು ಸಲ.

ಇನ್ನೊಂದು ಎಚ್ಚರ. ಟೈಪ್ 3 ಸ್ಟೋನ್ (ಕಾಸ್ಟ್ ಸುರಿಯುವ ಜಿಪ್ಸಂ) ಗಟ್ಟಿಯಾಗುವಾಗ ತಾನೇ ಶೇ. 0.2ರವರೆಗೆ ಹಿಗ್ಗಬಹುದು. ಕಾಸ್ಟನ್ನು ಲೋಹದ ಪಿನ್ನಿಗೆ ಹೋಲಿಸಿದರೆ ಸ್ಟೋನ್ ಮಾಡಿದ ತಪ್ಪನ್ನೂ ಹೈಪೋ ತಲೆಗೆ ಕಟ್ಟಿದಂತಾಗುತ್ತದೆ. ಹೋಲಿಕೆ ಏನಿದ್ದರೂ ಬರೀ ನೀರಲ್ಲಿ ತೊಳೆದು ತಕ್ಷಣ ಸುರಿದ ಕಾಸ್ಟಿನ ಜೊತೆ.

ಎರಡನೇ ವಾರ: ಇಡೀ ಕಂತು ಕಸಕ್ಕೆ

ಓವರ್‌ಹೆಡ್ ಟ್ಯಾಂಕಿನ ಬೋರ್‌ವೆಲ್ ನೀರಲ್ಲಿ ಕಲಸಿದ ಆಲ್ಜಿನೇಟ್, ಟ್ರೇ ಕೂರಿಸುವ ಮೊದಲೇ ಬಿಗಿಯತೊಡಗಿತು. ಗಂಟು ಕಟ್ಟಿದ ಮುದ್ದೆಯ ಹಾಗೆ. ಕಾರಣ ಎರಡು. ಬಿಸಿಲಲ್ಲಿ ಕಾದ ನೀರು ಒಂದು. ನೀರಿನ ಗಡಸುತನ ಇನ್ನೊಂದು: ಪುಡಿಯಲ್ಲಿರುವ ಟ್ರೈಸೋಡಿಯಂ ಫಾಸ್ಫೇಟ್ ಮೊದಲು ಕ್ಯಾಲ್ಸಿಯಂ ಅನ್ನು ತಾನು ಹಿಡಿದುಕೊಂಡು ಜೆಲ್ ಆಗುವುದನ್ನು ತಡಮಾಡಬೇಕು, ನೀರಲ್ಲೇ ಕ್ಯಾಲ್ಸಿಯಂ ತುಂಬಿದ್ದರೆ ಆ ಫಾಸ್ಫೇಟ್ ಬೇಗ ಮುಗಿದುಹೋಗುತ್ತದೆ. ಕೋಲಾರದ ನೀರು ಅಂದರೆ ಎಲ್ಲರೂ ಫ್ಲೋರೈಡ್ ಅನ್ನುತ್ತಾರೆ. ಈ ಬಟ್ಟಲಿನ ಮಟ್ಟಿಗೆ ತರಲೆ ಗಡಸುತನದ್ದೇ.

ಈಗ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನಿನ ಆರ್‌ಒ ನೀರು, ಫ್ರಿಜ್ಜಿನಲ್ಲಿಟ್ಟು 22-23 ಡಿಗ್ರಿಗೆ ತಂದದ್ದು. ಡಬ್ಬಿಯ ಮೇಲಿನ ಪ್ರಮಾಣದಂತೆ 18 ಗ್ರಾಂ ಪುಡಿಗೆ 40 ಮಿ.ಲೀ. ಪುಡಿಯನ್ನು ತೂಗಿಯೇ ಹಾಕಬೇಕು. ಚಮಚದಲ್ಲಿ ಅಳೆದರೆ ಡಬ್ಬಿ ಅಲ್ಲಾಡಿಸಿದಾಗ ಒಂದು ತೂಕ, ಅಲ್ಲಾಡಿಸದಿದ್ದಾಗ ಇನ್ನೊಂದು. ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ 45 ಸೆಕೆಂಡಿನಿಂದ ಒಂದು ನಿಮಿಷ ಕಲಸುವುದು. ಬಿಗಿದ ಮೇಲೂ ಎರಡು-ಮೂರು ನಿಮಿಷ ಬಿಟ್ಟು, ಒಂದೇ ಜಗ್ಗಿಗೆ ನೇರವಾಗಿ ತೆಗೆಯುವುದು. ಮೆಲ್ಲಗೆ ಅಲ್ಲಾಡಿಸುತ್ತಾ ತೆಗೆದರೆ ಅಚ್ಚು ಎಳೆದುಕೊಂಡು ಹಾಗೇ ಉಳಿಯುತ್ತದೆ, ಆಮೇಲೆ ಯಾವ ದ್ರಾವಣವನ್ನು ದೂರಿಯೂ ಉಪಯೋಗವಿಲ್ಲ.

ಮೂರನೇ ವಾರ: ಹೈಪೋ

ಶೇ. 5ರ ಹೈಪೋ 100 ಮಿ.ಲೀ., ಆರ್‌ಒ ನೀರು 900 ಮಿ.ಲೀ. ಶೇ. 0.5 ಸಿಗುತ್ತದೆ. ಬೆಳಿಗ್ಗೆ ಮಾಡಿದ್ದನ್ನು ಸಂಜೆ ಚೆಲ್ಲಬೇಕು. ಬೆಳಕು, ಸೆಖೆ ಎರಡೂ ಕ್ಲೋರಿನ್ ತಿನ್ನುತ್ತವೆ. ಅಂಗಡಿಯ ಕಿಟಕಿಯಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿಯ ಮೇಲೆ ಶೇ. 5 ಅಂತ ಬರೆದಿದ್ದರೂ ಒಳಗೆ ಅಷ್ಟಿರುತ್ತದೆ ಎಂದು ನಂಬುವಂತಿಲ್ಲ. ಹತ್ತಿರದಲ್ಲಿ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಇಡಬಾರದು, ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಅಲ್ಯೂಮಿನಿಯಂ ಟ್ರೇಗಳಲ್ಲಿ ಗುಳಿ ಬೀಳುತ್ತದೆ.

ಬಾಯಿಂದ ಬಂದ ನಿಜವಾದ ಅಚ್ಚಾದರೆ ಹೈಪೋಗೆ ಮುಂಚೆ ನೀರು ಹರಿಸಿ ಎಂಜಲು, ರಕ್ತ ತೊಳೆಯಲೇಬೇಕು. ಇಲ್ಲದಿದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ಕ್ರಿಮಿಯ ಪಾಲಿಗೆ ಏನೂ ಉಳಿಯುವುದಿಲ್ಲ.

ನಾಲ್ಕು ಗುಂಪು, ತಲಾ ಮೂರು ಅಚ್ಚು: ಬರೀ ತೊಳೆದದ್ದು, ಸ್ಪ್ರೇ ಮಾಡಿ 10 ನಿಮಿಷ ಮುಚ್ಚಿದ ಜಿಪ್ ಕವರ್‌ನಲ್ಲಿಟ್ಟದ್ದು, 10 ನಿಮಿಷ ಮುಳುಗಿಸಿದ್ದು, 30 ನಿಮಿಷ ಮುಳುಗಿಸಿದ್ದು.

ಸ್ಪ್ರೇ ಗುಂಪಿಗೂ ಬರೀ ತೊಳೆದ ಗುಂಪಿಗೂ ಕ್ಯಾಲಿಪರ್ ಹೇಳಬಲ್ಲ ವ್ಯತ್ಯಾಸವಿಲ್ಲ. ಹತ್ತು ನಿಮಿಷ ಮುಳುಗಿದ್ದೂ ಕೈತಪ್ಪಿನ ಮಿತಿಯೊಳಗೇ ಇದೆ. ಅರ್ಧ ಗಂಟೆಯದು ಬೇರೆ ಕಥೆ: ಟ್ರೇಯ ತೂತುಗಳಲ್ಲಿ ಆಲ್ಜಿನೇಟ್ ಗುಳ್ಳೆಯಂತೆ ಉಬ್ಬಿ ನಿಂತಿತ್ತು, ಕಾಸ್ಟಿನ ಪಿನ್ನು ತೆಳ್ಳಗಾಗಿತ್ತು, ಸ್ಕೇಲಿನ ಅರ್ಧ ಮಿ.ಮೀ. ಗೀರುಗಳ ಅಂಚು ಮೊಂಡಾಗಿತ್ತು. ಅನುಮಾನಕ್ಕೆಂದು ಇನ್ನೊಂದು ಅಚ್ಚನ್ನು ಬರೀ ಆರ್‌ಒ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದಾಗಲೂ ಅದೇ ಉಬ್ಬು. ಅಂದರೆ ಅಳತೆ ಕೆಡಿಸಿದ್ದು ಮುಖ್ಯವಾಗಿ ನೀರು ಮತ್ತು ಹೊತ್ತು. ಜೊತೆಗೆ ಒಂದನ್ನು ಫ್ಯಾನಿನ ಕೆಳಗೆ ಬಿಚ್ಚಿಟ್ಟಿದ್ದಾಯಿತು. ಅದು ನೀರು ಬಿಟ್ಟು ಕುಗ್ಗಿ ಟ್ರೇಯ ಅಂಚಿನಿಂದ ಎದ್ದು ಬಂತು.

ಹೈಪೋದ ಸ್ವಂತ ತಪ್ಪು ಬೇರೆ ಕಡೆ ಸಿಕ್ಕಿತು. ಸ್ಪ್ರೇ ಗುಂಪಿನ ಒಂದು ಕಾಸ್ಟಿನಲ್ಲಿ ಪಿನ್ನಿನ ತಲೆ ಉಗುರಲ್ಲಿ ಕೆರೆದರೆ ಸುಣ್ಣದಂತೆ ಪುಡಿ ಉದುರುತ್ತಿತ್ತು. ಆ ಕುಳಿಯ ತಳದಲ್ಲಿ ತೊಳೆಯದ ಹನಿ ನಿಂತಿತ್ತು. ಆ ಜಾಗದಲ್ಲಿ ಸ್ಟೋನಿಗೆ ನೀರಿನ ಪ್ರಮಾಣ ಏರಿತು, ಉಳಿದ ದ್ರಾವಣವೂ ಸೇರಿತು, ಮೇಲ್ಮೈ ಬಲಹೀನವಾಯಿತು. ಬಾಯಿಯ ಅಚ್ಚಿನಲ್ಲಿ ಇದೇ ಕುಳಿ ಅಂದರೆ ಹಲ್ಲಿನ ತುದಿ, ಅಂದರೆ ಕಚ್ಚುವ ಜಾಗ. ಅಚ್ಚನ್ನು ಎಷ್ಟು ನೋಡಿದರೂ ಇದು ಗೊತ್ತಾಗುವುದಿಲ್ಲ, ಕಾಸ್ಟಿನಲ್ಲೇ ಬಯಲಾಗುವುದು.

ಆಮೇಲಿನ ಅಚ್ಚುಗಳಿಗೆ ಹೀಗೆ ಮಾಡಿದೆ: ಹತ್ತು ನಿಮಿಷ ಆದ ಮೇಲೆ ನೀರು ಹರಿಸಿ ತೊಳೆದು, ಟ್ರೇ ಬೋರಲು ಮಾಡಿ ಒದರಿ, ಕುಳಿಗಳ ನೀರನ್ನು ಮೆಲ್ಲಗೆ ಗಾಳಿ ಬಿಟ್ಟು ಹೊರಗೆ ತಳ್ಳುವುದು. ನಿಂತ ನೀರಿನ ಹೊಳಪು ಹೋಗಬೇಕು, ಮೇಲ್ಮೈ ಮಾತ್ರ ಒಣಗಬಾರದು. ಕೂಡಲೇ 100 ಗ್ರಾಂ ಸ್ಟೋನಿಗೆ 30 ಮಿ.ಲೀ. ನೀರು ಕಲಸಿ, ವೈಬ್ರೇಟರ್ ಮೇಲೆ ಒಂದೇ ತುದಿಯಿಂದ ಹರಿಸುವುದು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಬಿಡಿಸುವುದು. ರಾತ್ರಿಯಿಡೀ ಬಿಟ್ಟರೆ ಆಲ್ಜಿನೇಟ್ ಒಣಗಿ ಸ್ಟೋನಿನ ಮೇಲ್ಮೈ ಒರಟಾಗುತ್ತದೆ.

ಸಿಲಿಕೋನ್

ಅಚ್ಚು ತೆಗೆಯುವ ಇನ್ನೊಂದು ವಸ್ತುವಾದ ಅಡಿಷನ್ ಸಿಲಿಕೋನ್ ಬಗ್ಗೆ ಬರೆಯಲು ಹೆಚ್ಚಿಲ್ಲ. ಅರ್ಧ ಗಂಟೆ ಹೈಪೋದಲ್ಲಿ ಬಿದ್ದಿದ್ದರೂ ಜಗ್ಗಲಿಲ್ಲ. ಆಲ್ಜಿನೇಟ್‌ಗೆ ಬೇಡದ ಗ್ಲುಟರಾಲ್ಡಿಹೈಡ್ (ಕ್ರಿಮಿ ಕೊಲ್ಲುವ ಇನ್ನೊಂದು ದ್ರಾವಣ) ಕೂಡ ಇದಕ್ಕೆ ನಡೆಯುತ್ತದೆ. ಸಿಲಿಕೋನ್ ಪುಟ್ಟಿ ಕಲಸುವಾಗ ಲ್ಯಾಟೆಕ್ಸ್ ಗ್ಲೌಸ್ ಬೇಡ. ಅದರ ಗಂಧಕದ ಅಂಶ ಪ್ಲಾಟಿನಂ ಕ್ಯಾಟಲಿಸ್ಟನ್ನು ಕೆಡಿಸಿ ಅಂಟಂಟಾಗಿ ಉಳಿಸುತ್ತದೆ. ಮೂರನೇ ಅಚ್ಚಿನ ವಸ್ತುವಾದ ಪಾಲಿಈಥರ್ ನೀರು ಕುಡಿಯುವ ಜಾತಿ, ಹತ್ತು ನಿಮಿಷ ಮೀರಿ ಮುಳುಗಿಸಬಾರದು. ಅದರ ಅಚ್ಚುಗಳು ಮುಂದಿನ ವಾರ.

ಈಗ ನಡೆಯುತ್ತಿರುವುದು

ಬೇರೆ ಊರಿಂದ ಬರುವ ಆಲ್ಜಿನೇಟ್ ಅಚ್ಚಿಗೆ ಕ್ಲಿನಿಕ್‌ನಲ್ಲಿ ಒಮ್ಮೆ ಹೈಪೋ, ಬಸ್ಸಿನಲ್ಲಿ ನೀರು ತೊಟ್ಟಿಕ್ಕುವ ಹತ್ತಿಯ ಜೊತೆ ಒಂದು ಗಂಟೆ, ಲ್ಯಾಬಿನಲ್ಲಿ ಮತ್ತೆ ಹೈಪೋ. ಹತ್ತು ಹತ್ತು ನಿಮಿಷ ಅಂದುಕೊಂಡದ್ದು ಕೂಡಿಕೊಂಡು ಅರ್ಧ ಗಂಟೆ ಮುಳುಗಿಸಿದ ಗುಂಪಿನ ಗತಿಯೇ ಆಗುತ್ತದೆ. ಹತ್ತಿಯನ್ನು ಪೂರ್ತಿ ಹಿಂಡಿ ಹಾಕಬೇಕು, ಅದು ಅಚ್ಚಿಗೆ ತಾಗದಂತೆ ಕವರಿನ ಮೂಲೆಯಲ್ಲಿರಬೇಕು. ಕವರಿಗೆ ಒಂದು ಚೀಟಿ: ಬಾಯಿಂದ ತೆಗೆದ ಹೊತ್ತು, ಯಾವ ದ್ರಾವಣ, ಎಷ್ಟು ಶೇಕಡ, ಸ್ಪ್ರೇಯೋ ಮುಳುಗಿಸಿದ್ದೋ, ಎಷ್ಟು ನಿಮಿಷ, ತೊಳೆದಿದೆಯೋ ಇಲ್ಲವೋ. ಚೀಟಿ ಇದ್ದರೆ ಲ್ಯಾಬಿನಲ್ಲಿ ಎರಡನೇ ಹೈಪೋ ಇಲ್ಲ.

ಮೊದಲ ಚೀಟಿಗಳನ್ನು ಪೆನ್ನಲ್ಲಿ ಬರೆದಿತ್ತು. ಹೈಪೋ ತಾಗಿ ಇಂಕೇ ಬಿಳಿಚಿಕೊಂಡಿತು. ಈಗ ಪೆನ್ಸಿಲ್.